ಕಾಕಿಯ ತವರಿನ ಹಬ್ಬುಗುಲಾಬಿ

ಮೊನ್ನೆ ಬೆಳಿಗ್ಗೆ ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಪಕ್ಕದ ಮನೆಯವರ ಗೇಟಿನ ಹತ್ತಿರ ನಿಂತಿದ್ದಾಗ ಹುಳಿ ವಾಸನೆಯೊಂದು ಮೂಗಿಗೆ ಬಡಿಯಿತು. ಗೇಟಿನ ಮೇಲೆ ಹಬ್ಬಿಸಿದ್ದ ಗುಲಾಬಿಯ ಬುಡದಲ್ಲಿ ನೀರು ಮಡುಗಟ್ಟಿ ನಿಂತಿತ್ತು. ಮಳೆ ಬಿದ್ದು ನೆಲ ಇನ್ನೂ ಆರಿರಲಿಲ್ಲ, ಆ ಪುಣ್ಯಾತ್ಮರು ಪೈಪು ಹಚ್ಚಿ ಮತ್ತೆ ನೀರು ಬಿಟ್ಟಿದ್ದರು. ಎರೆಮಣ್ಣಿನೊಳಗೆ ಬೇರು ಕೊಳೆಯತೊಡಗಿದಾಗ ಬರುವ ವಾಸನೆ ಅದು. ಒಮ್ಮೆ ಮೂಗಿಗೆ ಹತ್ತಿದರೆ ಜನ್ಮಪೂರ್ತಿ ಬಿಡುವುದಿಲ್ಲ. ನೀರು ಹಾಕಿದಷ್ಟೂ ಪ್ರೀತಿ ಎಂದು ನಂಬಿದವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾಲ್ಕು ಮಾತು ಆಡಿಬಿಡೋಣ ಎಂದು ಬಾಯಿ ತೆರೆದೆ, ಆದರೆ ಗೇಟಿನಿಂದಲೇ ತಿರುಗಿ ಬಂದೆ. ಮೋರಟಗಿಯ ನಮ್ಮ ಮನೆ ನೆನಪಾಗಿತ್ತು.

ಆ ಮನೆ ಈಗಿಲ್ಲ. ಪಾಲಾಗಿ, ಕೆಡವಿ, ಅದರ ಜಾಗದಲ್ಲಿ ಗೊಬ್ಬರದ ಗೋದಾಮು ಎದ್ದಿದೆ. ನಾನು ಚಿಕ್ಕವಳಿದ್ದಾಗ ಅದರ ತಲೆಬಾಗಿಲ ಮೇಲೆ ಒಂದು ಹಬ್ಬುಗುಲಾಬಿ ಇತ್ತು. ಹೂವು ರೂಪಾಯಿಗಿಂತ ದೊಡ್ಡದಿರಲಿಲ್ಲ. ತಿಳಿಗೆಂಪು ಬಣ್ಣ, ಗೊಂಚಲು ಗೊಂಚಲಾಗಿ ಬಿಡುತ್ತಿತ್ತು, ಬಿಸಿಲೇರುವ ಮುನ್ನ ಅದರ ಕೆಳಗೆ ಹಾದರೆ ಕಲ್ಲುಸಕ್ಕರೆಯ ಡಬ್ಬಿ ತೆರೆದ ಹಾಗೆ ಘಮ್ಮೆನ್ನುತ್ತಿತ್ತು. ಅದನ್ನು ತಂದವಳು ನಮ್ಮ ಚಿಕ್ಕಪ್ಪನ ಹೆಂಡತಿ, ನಮಗೆಲ್ಲ ಕಾಕಿ. ಮದುವೆಯಾಗಿ ಬರುವಾಗ ಝಳಕಿಯ ತವರುಮನೆಯಿಂದ ಒಂದು ಕಡ್ಡಿಯನ್ನು ಹಸಿ ಅರಿವೆಯಲ್ಲಿ ಸುತ್ತಿ, ಮಡಿಲಕ್ಕಿಯ ಜೊತೆ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳಂತೆ. ತಾಯಿ ತಂದೆ ಬೇಗ ತೀರಿಕೊಂಡರು, ಅಣ್ಣ ಬಾಯಿಮಾತಿನವನು. ಕಾಕಿಗೆ ತವರು ಎಂದರೆ ಆ ಗಿಡವೇ ಆಗಿತ್ತು. ಓಣಿಯ ಹೆಂಗಸರೂ ಕಡ್ಡಿ ಒಯ್ದು ನೆಟ್ಟರು, ಯಾರ ಮನೆಯಲ್ಲೂ ಹತ್ತಲಿಲ್ಲ.

ಹತ್ತದಿರುವುದಕ್ಕೆ ಕಾರಣವಿತ್ತು. ಅದಕ್ಕೆ ನೀರು ಕೊಡುವುದು ಎಲ್ಲರಿಗೂ ಬರುವ ಕೆಲಸವಲ್ಲ. ಕಾಕಿ ಮೊದಲು ಬುಡದ ಮಣ್ಣಿನಲ್ಲಿ ಬೆರಳು ಇಳಿಸುತ್ತಿದ್ದಳು. ಬೆರಳಿಗೆ ತಂಪು ತಾಕಿದರೆ ಎದ್ದು ಹೋಗುತ್ತಿದ್ದಳು, ಮಣ್ಣು ಪುಡಿಪುಡಿಯಾಗಿ ಬಂದರೆ ಮಾತ್ರ ಕೊಡ ತರುತ್ತಿದ್ದಳು. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲು, ಎಲೆ ತೋಯದಂತೆ, ಆಳಕ್ಕಿಳಿಯುವವರೆಗೆ ಸಾವಕಾಶ ಹಾಕಿ, ಮೇಲೆ ಜೋಳದ ಒಣಗರಿಯ ರವದಿ ಮುಚ್ಚುವಳು. ಚಳಿಗಾಲದಲ್ಲಿ ಬಿಸಿಲು ಬಂದ ಮೇಲೆ, ಅದೂ ಅಪರೂಪಕ್ಕೆ. ಮಳೆಗಾಲದಲ್ಲಂತೂ ಹನಿ ನೀರಿಲ್ಲ. ಬದಲಿಗೆ ಕಳೆ ತೆಗೆಯುವ ಕುರ್ಚಿಗೆಯಿಂದ ಸಣ್ಣ ಕಾಲುವೆ ತೆಗೆದು ಬುಡದ ನೀರನ್ನು ಹೊರಗೆ ಹರಿಸುತ್ತಿದ್ದಳು. ಎರೆಭೂಮಿ ಕುಡಿದ ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಅವಳು ಗಿಡಕ್ಕೆ ಹಾಕುತ್ತಿದ್ದುದಾದರೂ ಎಂಥ ನೀರು? ಅಕ್ಕಿ ತೊಳೆದದ್ದು, ಕಾಯಿಪಲ್ಲೆ ತೊಳೆದದ್ದು. ಯಾಕೆಂದರೆ ಮನೆಯಲ್ಲಿ ನೀರಿನ ಕಾರಭಾರ ಆಯಿಯದು. ಆಯಿ ಎಂದರೆ ನಮ್ಮ ಅಪ್ಪನ ತಾಯಿ, ಕಾಕಿಯ ಅತ್ತೆ. ಊರ ಹೊರಗಿನ ಸೇದುವ ಬಾವಿಯಿಂದ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದವಳು. "ನಿನ್ನ ತವರುಮನಿ ಗಿಡಕ್ಕ ನಮ್ಮ ಮನಿ ನೀರೇನು?" ಎಂದು ಕುಟುಕದ ದಿನವಿರಲಿಲ್ಲ. ಕಾಕಿ ತಿರುಗಿ ಮಾತಾಡಿದವಳಲ್ಲ. ಸೆರಗಿನ ಮರೆಯಲ್ಲಿ ತಂಬಿಗೆ ಹಿಡಿದು ಹೋಗುತ್ತಿದ್ದಳು.

ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ಮನೆಯಂಗಳಕ್ಕೆ ನಳ ಬಂತು. ಕೈಯಿಂದ ತಿರುವಿದರೆ ನೀರು ಧೋ ಎಂದು ಸುರಿಯುವುದನ್ನು ಆಯಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಅದೇ ಶ್ರಾವಣದಲ್ಲಿ ಕಾಕಿ ಮಗಳ ಎರಡನೇ ಬಾಣಂತನಕ್ಕೆಂದು ಮುದ್ದೇಬಿಹಾಳಕ್ಕೆ ಹೊರಟಳು. ಹೋಗುವಾಗ, "ಮಳಿಗಾಲ ಐತ್ರಿ ಅತ್ತಿ, ಗಿಡಕ್ಕ ನೀರು ಬ್ಯಾಡ್ರಿ" ಎಂದಳು. ಅವಳು ಹೇಳಿದ್ದು ನೀರಿನ ಲೆಕ್ಕ. ಆಯಿಗೆ ಕೇಳಿಸಿದ್ದು ಸೊಸೆಯ ನೊಂದ ಮನಸ್ಸು. ಬಸ್ಸು ಹೋದ ಮೇಲೆ ನನ್ನ ಮುಂದೆ, "ನನ್ನ ಬಾಯಿಗೆ ಹೆದರಿ ಹಂಗ ಅಂದಾಳ ನೋಡು ಪಾಪ. ಇಷ್ಟು ವರ್ಷ ಒಂದು ತಂಬಗಿ ನೀರಿಗೆ ಅನ್ನಬಾರದ್ದು ಅಂದೇನಿ" ಎಂದಳು. ಮರುದಿನದಿಂದ ಮುಂಜಾನೆಗೊಂದು ಕೊಡ, ಸಂಜೆಗೊಂದು ಕೊಡ. ಬಾಗಿದ ಬೆನ್ನಿನ ಮುದುಕಿ, ಯಾರ ಕೈಗೂ ಕೊಡ ಕೊಡದೆ ತಾನೇ ಹೊತ್ತು ಸುರಿದಳು. ಎಲೆ ಹಳದಿಯಾದವು; ಪಾಪ, ನೀರಡಿಸಿದೆ ಎಂದು ಮತ್ತಷ್ಟು ಹಾಕಿದಳು. ಬಳ್ಳಿ ಜೋತುಬಿತ್ತು, ಮಧ್ಯಾಹ್ನವೂ ಹಾಕಿದಳು. ನಾವೆಲ್ಲ ಬಾಯಾರಿದ ನೆಲದಲ್ಲಿ ಹುಟ್ಟಿ ಬೆಳೆದವರು. ಬಾಡಿದ್ದನ್ನು ಕಂಡರೆ ನೀರು ಸಾಲದು ಅಂತಲೇ ನಮಗೆ ತೋಚುವುದು. ನೀರೂ ಕೊಲ್ಲುತ್ತದೆ ಎಂದು ಯಾರಾದರೂ ಹೇಳಿದ್ದರೆ ಆಯಿ ನಗುತ್ತಿದ್ದಳು.

ಕಾಕಿ ದಸರೆಯ ಹೊತ್ತಿಗೆ ಬಂದಳು. ಚೀಲ ಕೆಳಗಿಡದೆ ಬುಡದಲ್ಲಿ ಕುಳಿತು ಮಣ್ಣಿಗೆ ಬೆರಳು ಇಳಿಸಿ, ಮೂಗಿಗೆ ಹಿಡಿದಳು. ಆ ವಾಸನೆ ನನಗೂ ಬಂತು. ಅವಳ ಮುಖದ ಕಳೆ ಇಳಿದುಹೋಯಿತು. ಆಯಿ ಖಾಲಿ ಕೊಡ ಹಿಡಿದು ಪಕ್ಕದಲ್ಲೇ ನಿಂತಿದ್ದಳು. "ನೀರಿಗೇನ ಕಡಿಮಿ ಮಾಡಿಲ್ಲವಾ, ನಾ ಉಣ್ಣೂದು ಬಿಟ್ಟರೂ ಇದಕ್ಕ ನೀರು ಹಾಕೂದು ಬಿಟ್ಟಿಲ್ಲ" ಎಂದಳು. ಕಾಕಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. "ಬೇರಿಗೆ ಹುಳ ಬಿದ್ದೈತ್ರಿ ಅತ್ತಿ. ನೀವು ನೀರು ಹಾಕಿದ್ದಕ್ಕ ಇಷ್ಟು ದಿನಾರ ಜೀವ ಹಿಡಕೊಂಡೈತಿ." ಆಯಿ ಕಟ್ಟೆಗೆ ಕುಸಿದು ಮಗುವಿನ ಹಾಗೆ ಅತ್ತಳು. ಕಾಕಿ ಅವಳಿಗೆ ಚಹಾ ಮಾಡಿ ಕೊಟ್ಟಳು.

ಗಿಡ ಉಳಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಕಾಕಿ ಹೊಸ ಕಡ್ಡಿ ತರಲು ಝಳಕಿಗೆ ಹೊರಟಳು. ಆಯಿಯೇ ಒತ್ತಾಯ ಮಾಡಿ ಕಳಿಸಿದ್ದು, ಜೊತೆಗೆ ನನ್ನನ್ನೂ. ಸಿಂದಗಿ, ಇಂಡಿ ದಾಟಿ ಝಳಕಿಯಲ್ಲಿ ಇಳಿದಾಗ ಕಾಕಿಗೆ ದಿಕ್ಕೇ ತಿಳಿಯಲಿಲ್ಲ. ರಸ್ತೆ ಅಗಲವಾಗಿತ್ತು. ಅವಳ ತವರುಮನೆಯ ಜಾಗದಲ್ಲಿ ಡಾಂಬರು ಹೊಳೆಯುತ್ತಿತ್ತು, ಅದರ ಮೇಲೆ ಲಾರಿಗಳು ಹೋಗುತ್ತಿದ್ದವು. ಪಕ್ಕದ ಚಹಾ ಅಂಗಡಿಯವನು ಅವಳ ಗುರುತು ಹಿಡಿದ. "ನಿಮ್ಮಣ್ಣ ಸೊಲ್ಲಾಪುರಕ್ಕ ಹೋದ್ರಲ್ರಿ ಅಕ್ಕಾರ. ನಿಮಗ ತಿಳಿಸಿಲ್ಲೇನ್ರಿ?" ಎಂದ. "ತಿಳಿಸ್ಯಾರಪಾ, ನಂಗ ಮರ್ತಿತ್ತು" ಎಂದಳು ಕಾಕಿ. ಬಾಗಿಲು ಎಲ್ಲಿತ್ತು, ಗಿಡ ಎಲ್ಲಿತ್ತು ಎಂದು ಕಣ್ಣಲ್ಲೇ ಅಳೆಯುತ್ತ ಬಹಳ ಹೊತ್ತು ನಿಂತಳು. ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದು, "ಮನ್ಯಾಗ ಹೇಳಬ್ಯಾಡ. ತವರುಮನಿ ಇಲ್ಲದಾಕಿ ಅನ್ನಿಸಿಕೊಂಡು ಬಾಳೂದು ನನ್ನ ಕಡಿಂದ ಆಗೂದಿಲ್ಲ" ಎಂದಳು. ಅದು ಮಾನದ ಮಾತು ಎಂದಷ್ಟೇ ನಾನು ತಿಳಿದೆ. ಮನೆಯಲ್ಲಿ ಆಯಿಗೆ, ಚಳಿಗೆ ಕಡ್ಡಿ ಚಿಗುರುವುದಿಲ್ಲ, ಮುಂಗಾರಿಗೆ ತರೋಣ ಎಂದು ಹೇಳಿದಳು.

ಆ ಮುಂಗಾರು ಮತ್ತೆ ಬರಲಿಲ್ಲ ಎನ್ನಬೇಕು. ಆಯಿ ಮಾತ್ರ ಪ್ರತಿ ವರ್ಷ ನೆನಪಿಸುತ್ತಿದ್ದಳು. ಪಂಚಮಿ ಬಂದರೆ ತಾನೇ ಕುಳಿತು ಶೇಂಗಾದುಂಡಿ, ಎಳ್ಳುಂಡಿ ಕಟ್ಟಿ, "ನಿನ್ನ ತವರುಮನಿಗೆ ಒಯ್ಯವಾ, ಬರುವಾಗ ಕಡ್ಡಿ ತಾ" ಎಂದು ಗಂಟು ಕೈಗಿಡುತ್ತಿದ್ದಳು. ಕಾಕಿ ಹೊಸ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದಳು. ಸಿಂದಗಿಯಲ್ಲಿ ಇಳಿದು ಮುದ್ದೇಬಿಹಾಳದ ಬಸ್ಸು ಹಿಡಿದು, ಮಗಳ ಮನೆಯಲ್ಲಿದ್ದು ಬರುತ್ತಿದ್ದಳು. ಒಂದು ವರ್ಷ ಗಿಡ ಸವರಿದ್ದಾರೆ ಎನ್ನುವಳು, ಇನ್ನೊಂದು ವರ್ಷ ದಾರಿಯಲ್ಲಿ ಕಡ್ಡಿ ಒಣಗಿತು ಎನ್ನುವಳು. "ನಿಮ್ಮಣ್ಣ ಮಹಾ ಜಿಪುಣ ಬಿಡು, ಒಂದು ಕಡ್ಡಿ ಕೊಡಾಕ ಕೈ ಬರೂದಿಲ್ಲ" ಎಂದು ಆಯಿ ಬೈಯುತ್ತಿದ್ದಳು. ತವರಿನವರನ್ನು ಬೈದರೂ ಕಾಕಿ ಮುಸಿಮುಸಿ ನಗುತ್ತಿದ್ದಳು. ಆ ನಗುವಿನಲ್ಲಿ ಸುಖವಿತ್ತು ಎಂಬುದು ನನಗೆ ಆಗ ಕಾಣಲೇ ಇಲ್ಲ.

ಆಯಿ ತೀರಿಕೊಂಡದ್ದು ನಾನು ನೌಕರಿಗೆ ಸೇರಿದ ಮೇಲೆ. ಮಣ್ಣು ಮಾಡಿ ಗಂಡಸರು ಹಿಂದಿರುಗಿದರು, ಬೀಗರು ಊರ ಬಸ್ಸು ಹಿಡಿದರು. ಅಲ್ಲಿಯವರೆಗೆ ಕಣ್ಣೀರು ಹಾಕದೆ ಎಲ್ಲರಿಗೂ ನೀರು ಕೊಡುತ್ತ, ಉಣ್ಣಲು ಬಡಿಸುತ್ತ ಓಡಾಡಿದ್ದ ಕಾಕಿ ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ. ವಯಸ್ಸಾಗಿತ್ತು, ನರಳದೆ ಹೋದಳು ಎಂದು ಎಲ್ಲರೂ ಹೇಳುವ ಮಾತನ್ನೇ ಹೇಳಿದೆ. ಕಾಕಿ ತಲೆ ಅಲ್ಲಾಡಿಸಿದಳು.

"ನನಗ ತವರುಮನಿ ಐತಿ ಅಂತ ನಂಬಿದಾಕಿ ಆಕಿ ಒಬ್ಬಾಕಿನ ಇದ್ದಳು" ಎಂದಳು.