ಕ್ಯೂನಲ್ಲಿ ಕುಳಿತ ಸುದ್ದಿಗಳು

ಹೊಸ ವ್ಯವಸ್ಥೆ ಬಂದ ಮೊದಲ ವಾರ ನಮ್ಮ ಸುದ್ದಿಸಂಸ್ಥೆಯ ಕನ್ನಡ ಡೆಸ್ಕ್‌ನಿಂದ ಪತ್ರಿಕೆಗಳಿಗೆ ತಲುಪಿದ ಸುದ್ದಿಗಳ ಸಂಖ್ಯೆ ಸೊನ್ನೆ. ವರದಿ ಹಾಗೆ ಹೇಳಿತು. ಆ ವಾರ ಡೆಸ್ಕ್‌ನಲ್ಲಿ ಯಾರೂ ರಜೆ ಹಾಕಿರಲಿಲ್ಲ. ಡೆಸ್ಕ್ ಎಂದರೆ ದೆಹಲಿ ಕಚೇರಿಯ ಮೂರನೇ ಮಹಡಿಯಲ್ಲಿ ಎರಡು ಮೇಜು, ಒಂದು ರೂಮ್ ಹೀಟರ್, ಮುಖ್ಯಸ್ಥರು ಮತ್ತು ನಾನು. ಇಬ್ಬರೂ ದಿನವಿಡೀ ಬರೆದಿದ್ದೆವು, ಕಳಿಸಿದ್ದೆವು. ಕಳಿಸಿದ್ದು ಎಲ್ಲಿಗೆ ಹೋಯಿತು ಎಂಬುದಷ್ಟೇ ಪ್ರಶ್ನೆ.

ಅದುವರೆಗೆ ನಾವು ಸುದ್ದಿಯನ್ನು ಇಮೇಲ್‌ನಲ್ಲಿ ಕಳಿಸುತ್ತಿದ್ದೆವು. ಆಡಳಿತ ಮಂಡಳಿ ಅದನ್ನು ನಿಲ್ಲಿಸಿ, ಎಲ್ಲ ಭಾಷೆಗಳ ಡೆಸ್ಕ್‌ಗಳೂ ಒಂದೇ ಸಂದೇಶ ವ್ಯವಸ್ಥೆಗೆ ಬರಬೇಕು ಎಂದು ತೀರ್ಮಾನಿಸಿತು. ಪ್ರಯೋಗದ ಅವಧಿಯಲ್ಲಿ ಯಾವ ಡೆಸ್ಕ್ ಎಷ್ಟು ಸುದ್ದಿ ತಲುಪಿಸಿತು ಎಂದು ಯಂತ್ರವೇ ಲೆಕ್ಕ ಇಡುತ್ತದೆ. ಕಡಿಮೆ ತಲುಪಿಸಿದ ಡೆಸ್ಕ್ ಮುಚ್ಚುತ್ತದೆ, ಅದರ ಕೆಲಸ ನೋಯ್ಡಾದಲ್ಲಿ ಹಿಂದಿಯಿಂದ ಯಂತ್ರಾನುವಾದಕ್ಕೆ ಹೋಗುತ್ತದೆ. ಮುಚ್ಚಿದರೆ ನನ್ನನ್ನು ಹಿಂದಿ ಡೆಸ್ಕ್‌ಗೆ ಹಾಕುತ್ತಾರೆ, ಮುಖ್ಯಸ್ಥರನ್ನು ಮನೆಗೆ ಕಳಿಸುತ್ತಾರೆ. ಇದನ್ನು ಯಾರೂ ಬರೆದು ಕೊಟ್ಟಿರಲಿಲ್ಲ. ಆದರೆ ಕ್ಯಾಂಟೀನಿನ ಭಯ್ಯಾ ನಮಗೆ ಚಹಾ ಕೊಡುವಾಗ ತೋರುತ್ತಿದ್ದ ಮರುಕದಿಂದ ವಿಷಯ ಖಚಿತವಾಗಿತ್ತು.

ವ್ಯವಸ್ಥೆಯನ್ನು ಕಲಿಸಲು ನೋಯ್ಡಾ ಕಚೇರಿಯಿಂದ ಬಂದ ಎಂಜಿನಿಯರ್ ನಮ್ಮವಳೇ. ತಂದೆ ಕೇಂದ್ರ ಸರ್ಕಾರದ ನೌಕರರು, ಆರ್.ಕೆ.ಪುರಂನಲ್ಲಿ ಮುಖ್ಯಸ್ಥರು ಇರುವ ಕ್ವಾರ್ಟರ್ಸಿನ ಕೆಳಮನೆಯಲ್ಲೇ ಬೆಳೆದವಳು. ಆ ಕ್ವಾರ್ಟರ್ಸು ಮುಖ್ಯಸ್ಥರ ಹೆಂಡತಿಯ ಹೆಸರಿನಲ್ಲಿದೆ. ಅವರು ಸಚಿವಾಲಯವೊಂದರಲ್ಲಿ ಅಧಿಕಾರಿ. ಹೀಗೆ ನೆರೆಮನೆಯವಳಾದ್ದರಿಂದ ಕಚೇರಿಯಲ್ಲಿ ಎಲ್ಲರೂ ‘ಸರ್’ ಎನ್ನುವ ಮುಖ್ಯಸ್ಥರನ್ನು ಈಕೆ ‘ಅಂಕಲ್’ ಎನ್ನುತ್ತಿದ್ದಳು, ತಪ್ಪುಗಳನ್ನೂ ಅದೇ ಸಲುಗೆಯಲ್ಲಿ ತೋರಿಸುತ್ತಿದ್ದಳು.

ಅವಳು ವಿವರಿಸಿದ್ದು ಸರಳವಾಗಿತ್ತು. ಸಂದೇಶದ ಒಳಗೆ ಸುದ್ದಿ, ಹೊರಗೆ ಅದರ ಪ್ರಾಪರ್ಟಿಗಳು: ಆದ್ಯತೆ, ಆಯುಷ್ಯ, ದೃಢಪಟ್ಟಿದೆಯೇ ಇಲ್ಲವೇ ಎಂಬುದು. ಪ್ರತಿ ಪ್ರಾಪರ್ಟಿಗೂ ಒಂದು ಟೈಪ್ ಇರುತ್ತದೆ. ಕೆಲವು ಸಂಖ್ಯೆ, ಕೆಲವು ಅಕ್ಷರ, ಕೆಲವು ಹೌದು-ಅಲ್ಲ. ಯಂತ್ರ ಒಳಗಿನ ಸುದ್ದಿಯನ್ನು ಓದುವುದೇ ಇಲ್ಲ. ಸರೋಜಿನಿ ನಗರದ ಬಜಾರಿನಲ್ಲಿ ಅಂಗಿ ಬಿಡಿಸಿ ನೋಡಲು ಬಿಡದೆ ಕಾಲರಿನ ಚೀಟಿ ತೋರಿಸಿ ಮಾರುತ್ತಾರಲ್ಲ, ಹಾಗೆ. ಚೀಟಿಯಲ್ಲಿ ಏನಿದೆಯೋ ಅದೇ ಅಳತೆ. ಆಯುಷ್ಯವನ್ನು ಗಂಟೆಗಳಲ್ಲಿ ಹಾಕಬೇಕು, ಅಷ್ಟು ಹೊತ್ತು ಕಳೆದರೆ ಸುದ್ದಿ ತಾನಾಗಿ ಅಳಿಯುತ್ತದೆ. ಸೊನ್ನೆ ಹಾಕಿದರೆ ಎಂದೂ ಅಳಿಯುವುದಿಲ್ಲ.

“ಸೊನ್ನೆ ಅಂದ್ರೆ ಹುಟ್ಟಿದ ತಕ್ಷಣ ಸಾಯಬೇಕಲ್ಲವೇನಮ್ಮ?” ಎಂದು ಮುಖ್ಯಸ್ಥರು ಕೇಳಿದರು.

ಲೈಬ್ರರಿ ಬರೆದವರು ಹಾಗೆ ಇಟ್ಟಿದ್ದಾರೆ ಎಂದಳು. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟಿರುವ ಸಿದ್ಧ ಕೋಡ್, ತಾನು ಅದನ್ನು ಬಳಸುವವಳು ಮಾತ್ರ ಎಂದೂ ಸೇರಿಸಿದಳು. ಸರ್ಕಾರಿ ನಿಯಮದ ಬಗ್ಗೆ ಅವಳ ತಂದೆ ಮಾತಾಡುವುದೂ ಇದೇ ಧಾಟಿಯಲ್ಲಿ.

ಚರ್ಚೆ ದೊಡ್ಡದಾದದ್ದು ಮೂರನೇ ಪ್ರಾಪರ್ಟಿಯ ಬಗ್ಗೆ.

“ದೃಢಪಟ್ಟಿದೆ ಅನ್ನೋದು ಬೂಲಿಯನ್, ಅಂಕಲ್. ಟ್ರೂ, ಇಲ್ಲಾ ಫಾಲ್ಸ್. ಬಸ್, ಅಷ್ಟೇ.”

“‘ಮೂಲಗಳ ಪ್ರಕಾರ’ ಅನ್ನೋದು ಯಾವುದರಲ್ಲಿ ಬರುತ್ತೆ?”

ಅವಳು ಯೋಚಿಸಿದಳು. “ಖಾಲಿ ಬಿಡಿ. ಖಾಲಿ ಬಿಟ್ರೆ ಮಶೀನು ‘ಗೊತ್ತಿಲ್ಲ’ ಅಂದ್ಕೊಳ್ಳುತ್ತೆ.”

“ಗೊತ್ತಿಲ್ಲ ಅಂತ ಒಪ್ಕೊಳ್ಳುತ್ತಾ? ನಮ್ಮ ಬಾತ್ಮೀದಾರರಿಗಿಂತ ವಾಸಿ,” ಎಂದರು ಮುಖ್ಯಸ್ಥರು. ತರಬೇತಿ ಸೌಹಾರ್ದದಲ್ಲಿ ಮುಗಿಯಿತು.

ಇಲ್ಲಿ ಮುಖ್ಯಸ್ಥರ ಒಂದು ಪದ್ಧತಿಯನ್ನು ದಾಖಲಿಸಬೇಕು. ಅವರು ಕನ್ನಡ ಬರೆಯುವಾಗ ಕನ್ನಡ ಅಂಕಿಯನ್ನೇ ಬರೆಯುತ್ತಾರೆ. ನಮ್ಮ ಎರಡೂ ಕೀಬೋರ್ಡುಗಳಲ್ಲಿ ಏಳನ್ನು ಒತ್ತಿದರೆ ‘೭’ ಬರುವಂತೆ ಮಾಡಿಸಿದವರು ಅವರೇ. ಆರ್.ಕೆ.ಪುರಂನ ಬಾಗಿಲ ಮೇಲೂ ಮನೆ ಸಂಖ್ಯೆ ಕನ್ನಡದಲ್ಲೇ ಇದೆ. ಊಟ, ಔಷಧ, ಪಾರ್ಸಲು ಹೊತ್ತು ತಂದವರು ಮೆಟ್ಟಿಲ ಮೇಲೆ ನಿಂತು, ಈ ಮನೆಗೆ ನಂಬರೇ ಇಲ್ಲ ಎಂದು ಫೋನು ಮಾಡುತ್ತಾರೆ. ಕೆಲವರು ಕೆಳಮನೆಗೆ ಕೊಟ್ಟು ಹೋಗುತ್ತಾರೆ. ಪಕ್ಕದಲ್ಲಿ ಒಂದು ಸಣ್ಣ ಇಂಗ್ಲಿಷ್ ಅಂಕಿ ಅಂಟಿಸಿ ಎಂದು ಹೆಂಡತಿ ಕೇಳಿಕೊಂಡಾಗ, ಹತ್ತು ಸಲ ಬಂದರೆ ಅವರೇ ಕಲಿಯುತ್ತಾರೆ ಎಂದರಂತೆ. ಬರುವವರು ದಿನಾ ಬೇರೆಯವರು ಎಂಬುದು ಹೆಂಡತಿಯ ವಾದ.

ಇಂಥ ಕೀಬೋರ್ಡಿನಲ್ಲಿ ನಾವು ಒಂದು ವಾರ ಆದ್ಯತೆ ಹಾಕಿದೆವು, ಆಯುಷ್ಯ ಹಾಕಿದೆವು, ಕಳಿಸಿದೆವು. ಪರದೆ ಪ್ರತಿ ಬಾರಿಯೂ ‘ಸ್ವೀಕರಿಸಲಾಗಿದೆ’ ಎಂದಿತು. ಯಾವ ಪತ್ರಿಕೆಯಿಂದಲೂ ದೂರು ಬರಲಿಲ್ಲ. ಎಲ್ಲ ಸರಿಯಾಗಿದೆ ಎಂಬುದಕ್ಕೆ ನಾವು ಅದನ್ನೇ ಸಾಕ್ಷಿ ಎಂದುಕೊಂಡೆವು. ವಾರದ ಕೊನೆಗೆ ಬೀದರಿನ ಸಂಪಾದಕರೊಬ್ಬರು ಫೋನು ಮಾಡಿ, ಬಹಳ ಸೌಜನ್ಯದಿಂದ ಕೇಳಿದರು:

“ದಿಲ್ಲ್ಯಾಗ ಈ ವಾರ ಏನೂ ಆಗಿಲ್ಲೇನ್ರಿ ಸರ?”

ಅದೇ ಬೆಳಿಗ್ಗೆ ಜನರಲ್ ಮ್ಯಾನೇಜರ್ ಕರೆದರು. ವರದಿಯ ಕನ್ನಡದ ಸಾಲಿನ ಮೇಲೆ ಬೆರಳಿಟ್ಟು, ಸಂಜೆ ನಾಲ್ಕಕ್ಕೆ ಸಭೆ ಇದೆ, ಅಲ್ಲಿ ಈ ಸೊನ್ನೆಯ ಬಗ್ಗೆ ತಾವು ಏನು ಹೇಳಬೇಕು ಎಂದು ಹಿಂದಿಯಲ್ಲಿ ಕೇಳಿದರು. ಮುಖ್ಯಸ್ಥರು ಸಂಜೆ ಹೇಳುತ್ತೇನೆ ಎಂದು ಹೊರಬಂದರು. ಹೊರಗೆ ನನಗೆ ಹೇಳಿದ್ದು, “ಸೊನ್ನೆ ಕಂಡುಹಿಡಿದ ದೇಶ ಕಣಯ್ಯ ಇದು. ಹೆದರಬೇಡ.” ಅವರು ಹೆದರಿದ್ದರು. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದರು.

ಎಂಜಿನಿಯರ್ ಮೆಟ್ರೊ ಹಿಡಿದು ಹನ್ನೆರಡರ ಹೊತ್ತಿಗೆ ಬಂದಳು. ನನ್ನ ಕುರ್ಚಿಯಲ್ಲಿ ಕೂತು ಏನೋ ತೆರೆದಳು, ಕೆಳಗೆ ಜಾರಿಸಿದಳು, ಮತ್ತೂ ಜಾರಿಸಿದಳು.

“ಅಂಕಲ್, ನಿಮ್ಮ ಸುದ್ದಿ ಎಲ್ಲೂ ಹೋಗಿಲ್ಲ. ಎಲ್ಲಾ ಇಲ್ಲೇ ಕ್ಯೂನಲ್ಲಿ ಆರಾಮ್ ಸೇ ಕೂತಿದೆ.”

ಕಾರಣವನ್ನೂ ಹೇಳಿದಳು. ಆದ್ಯತೆ ನಾಲ್ಕಕ್ಕಿಂತ ಹೆಚ್ಚಿದ್ದರೆ ಎತ್ತಿಕೋ ಎಂಬುದು ಪತ್ರಿಕೆಗಳ ಕಡೆಯ ಷರತ್ತು. ನಮ್ಮ ‘೭’ ಹೋದದ್ದು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ. ಅಕ್ಷರವೊಂದು ನಾಲ್ಕಕ್ಕಿಂತ ದೊಡ್ಡದೇ ಎಂದು ಕೇಳಿದರೆ ಯಂತ್ರ ಹೌದು ಎನ್ನುವುದಿಲ್ಲ, ಅಲ್ಲ ಎಂದು ಜಗಳವನ್ನೂ ಆಡುವುದಿಲ್ಲ. ಉತ್ತರ ಗೊತ್ತಿಲ್ಲ ಎಂದು ಸುಮ್ಮನಾಗುತ್ತದೆ. ಸುದ್ದಿ ಇದ್ದಲ್ಲೇ ಇರುತ್ತದೆ. ಆಯುಷ್ಯವೂ ಅಕ್ಷರವೇ ಆಗಿದ್ದರಿಂದ, ಆಯುಷ್ಯ ಹಾಕಿಯೇ ಇಲ್ಲವೆಂದು ಲೆಕ್ಕವಾಗಿ, ಒಂದೂ ಸತ್ತಿರಲಿಲ್ಲ.

“ಹಿಂದಿಯವರು?” ಎಂದು ನಾನು ಕೇಳಿದೆ. ಅವರು ಇಂಗ್ಲಿಷ್ ಅಂಕಿ ಹಾಕುತ್ತಾರೆ, ಎಲ್ಲರೂ ಅದನ್ನೇ ಹಾಕುತ್ತಾರೆ ಎಂದಳು. ಆಮೇಲೆ ಮುಖ್ಯಸ್ಥರ ಕಡೆ ತಿರುಗಿದಳು.

“ನೀವೂ ಅದನ್ನೇ ಹಾಕಿಬಿಡಿ ನಾ, ಅಂಕಲ್. ಆದ್ಯತೆ ಪೇಪರ್‌ನಲ್ಲಿ ಪ್ರಿಂಟ್ ಆಗಲ್ಲ. ಕೋಯೀ ನಹೀಂ ದೇಖ್ತಾ.”

“ಯಾರೂ ನೋಡದ ಕಡೆ ಏನು ಬರೀತೀವೋ ಅದೇ ಶೈಲಿ ಕಣಮ್ಮ.”

“ಅದಕ್ಕೇ ನಿಮ್ಮನೆ ಪಿಜ್ಜಾ ನಮ್ಮನೆಗೆ ಬರೋದು.”

“ಬಂದದ್ದನ್ನ ವಾಪಸ್ ಕೊಟ್ಟಿದ್ದೀರಾ?”

“ಆಂಟಿಗೆ ಹೇಳ್ಬೇಡ ಅಂತ ಅಮ್ಮ ಅಂದಿದ್ರು.”

ನಾನು ಗಡಿಯಾರ ನೋಡಿದೆ. ಡೆಸ್ಕ್ ಉಳಿದರೆ ತಾನೇ ಅಂಕಿಯ ಪ್ರಶ್ನೆ ಎಂದು ಮುಖ್ಯಸ್ಥರಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು, ‘೭’ ಅನ್ನು ಸಂಖ್ಯೆಗೆ ತಿರುಗಿಸು ಎಂದು ಯಂತ್ರಕ್ಕೆ ಒಂದು ಸಾಲು ಬರೆಯುತ್ತೇನೆ, ಕೆಂಪು ಅಕ್ಷರದಲ್ಲಿ ಬೈಗುಳ ಬರುವುದನ್ನು ಅಂಕಲ್ ಕಣ್ಣಾರೆ ನೋಡಲಿ ಎಂದಳು. ಬರೆದು ಒತ್ತಿದಳು. ಬೈಗುಳ ಬರಲಿಲ್ಲ. ಏಳು ಬಂತು. ‘೧೨’ ಕೊಟ್ಟಳು. ಹನ್ನೆರಡು ಬಂತು.

ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

“ಮಶೀನ್‌ಗೆ ಮೊದಲಿಂದ ಬರುತ್ತೆ, ಅಂಕಲ್. ತಿರುಗಿಸು ಅಂತ ನಾವು ಹೇಳಿರಲಿಲ್ಲ, ಅಷ್ಟೇ.”

ಮುಖ್ಯಸ್ಥರು ಗೆದ್ದ ಮುಖ ಮಾಡಲಿಲ್ಲ. ಕಡಲೆಕಾಯಿಯ ಪೊಟ್ಟಣವನ್ನು ಅವಳ ಕಡೆ ಸರಿಸಿದರು. ಅವರಲ್ಲಿ ಅದು ದೊಡ್ಡ ಗೌರವ.

ಮುಂದಿನ ಸುದ್ದಿಗಳು ಸರಿಹೋದವು. ಕ್ಯೂನಲ್ಲಿರುವ ಹಳೆಯವನ್ನು ಏನು ಮಾಡಲಿ ಎಂದು ಅವಳು ಕೇಳಿದಳು. ಅಳಿಸಿದರೆ ವರದಿಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಮತ್ತೆ ಕಳಿಸಿದರೆ ಆಯುಷ್ಯ ಆ ಕ್ಷಣದಿಂದ ಹೊಸದಾಗಿ ಶುರುವಾಗುತ್ತದೆ, ಎಲ್ಲವೂ ತಾಜಾ ಸುದ್ದಿಯಾಗಿ ತಲುಪುತ್ತವೆ, ಕನ್ನಡ ಡೆಸ್ಕ್ ವರದಿಯ ನೆತ್ತಿಗೇರುತ್ತದೆ. ಒಂದು ಗುಂಡಿ ಒತ್ತಿದರೆ ಆಯಿತು.

“ಚಲೋ, ಒತ್ಲಾ?”

“ಹೋದ ವಾರದ ‘ಇಂದು’ವನ್ನ ಇಂದು ಕಳಿಸೋದಾ?” ಎಂದರು ಮುಖ್ಯಸ್ಥರು.

ಅವರ ಕೆಲಸ ಆ ಗುಂಡಿಯಲ್ಲಿತ್ತು, ನನ್ನದೂ ಇತ್ತು. ಅವಳ ಬೆರಳು ಕಾಯುತ್ತಿತ್ತು. ಅವರು ಕಡಲೆಕಾಯಿ ಒಂದನ್ನು ಬಿಡಿಸಿ, ತಿನ್ನದೆ ಕೆಳಗಿಟ್ಟು, “ಒಂದೊಂದಾಗಿ ಓದಯ್ಯ. ಈಗಲೂ ನಿಜವಾಗಿದ್ದರೆ ಹೋಗಲಿ, ಇಲ್ಲದಿದ್ದರೆ ಬೇಡ,” ಎಂದರು.

ಬಹುಪಾಲು ಸತ್ತಿರುತ್ತದೆ ಎಂದೇ ನಾನು ಓದತೊಡಗಿದೆ. ಕ್ರಿಕೆಟ್ ಪಂದ್ಯದ ಸ್ಕೋರು ಸತ್ತಿತ್ತು. ಚಿನ್ನದ ಬೆಲೆ ಸತ್ತಿತ್ತು. ಪೆರೇಡಿನ ತಾಲೀಮಿಗಾಗಿ ರಸ್ತೆ ಮುಚ್ಚಿದ್ದು ಸತ್ತಿತ್ತು. ಆಮೇಲೆ ರಾಜ್ಯದ ಸಚಿವರೊಬ್ಬರು ವರಿಷ್ಠರ ಭೇಟಿಗಾಗಿ ದೆಹಲಿಯಲ್ಲಿ ಕಾಯುತ್ತಿದ್ದಾರೆ ಎಂಬುದು ಬಂತು. ಮುಖ್ಯಸ್ಥರು ಸಚಿವರ ಆಪ್ತ ಸಹಾಯಕರಿಗೆ ಫೋನು ಮಾಡಿದರು. ಇನ್ನೂ ಕಾಯುತ್ತಿದ್ದರು.

“ದೃಢಪಟ್ಟಿದೆ, ಟ್ರೂ,” ಎಂದರು ಮುಖ್ಯಸ್ಥರು. “‘ಇಂದು’ ತೆಗೆದು ‘ಇನ್ನೂ’ ಅಂತ ಹಾಕು.”

ಸಂಪುಟ ವಿಸ್ತರಣೆ ಶೀಘ್ರ: ನಿಜವಾಗಿಯೇ ಉಳಿದಿತ್ತು. ನದಿನೀರು ಸಭೆ ಮುಂದೂಡಿಕೆ: ಕೇಳಿದರೆ ಮುಂದಿನ ದಿನಾಂಕವನ್ನೂ ಮುಂದೂಡಿದ್ದರು. ರೈಲು ಯೋಜನೆ ಪರಿಶೀಲನೆಯಲ್ಲಿದೆ: ಪರಿಶೀಲನೆಯಲ್ಲಿತ್ತು. ಕಡತ ಹಣಕಾಸು ಇಲಾಖೆಯಲ್ಲಿದೆ: ಅಲ್ಲಿಂದ ಅಲುಗಿರಲಿಲ್ಲ. ದೆಹಲಿಯ ಗಾಳಿ ತೀರಾ ಕಳಪೆ: ಎಂಜಿನಿಯರ್ ಕಿಟಕಿಯ ಕಡೆ ನೋಡಿ, ಕೆಮ್ಮಿ, ಟ್ರೂ ಎಂದಳು. ನಾನು ಫೋನು ಮಾಡುತ್ತಾ ಹೋದೆ, ಮುಖ್ಯಸ್ಥರು ಮೊದಲ ಸಾಲು ತಿದ್ದುತ್ತಾ ಹೋದರು, ಅವಳು ಕಳಿಸುತ್ತಾ ಹೋದಳು. ಒಂದು ವಾರ ಕ್ಯೂನಲ್ಲಿ ಕೂತಿದ್ದರೂ ರಾಜಧಾನಿಯ ಸುದ್ದಿಗೆ ಏನೂ ಆಗಿರಲಿಲ್ಲ.

ಸಂಪುಟ ವಿಸ್ತರಣೆಯ ಸುದ್ದಿಗೆ ಆಯುಷ್ಯ ಎಷ್ಟು ಎಂದು ಅವಳು ಕೇಳಿದಾಗ ಮುಖ್ಯಸ್ಥರು ತಡಮಾಡದೆ ಸೊನ್ನೆ ಎಂದರು. ಲೈಬ್ರರಿ ಬರೆದವರು ದೆಹಲಿಯಲ್ಲಿ ವರದಿಗಾರಿಕೆ ಮಾಡಿರಬೇಕು ಎಂಬುದು ಅವರ ಅಂದಾಜು.

ನಾಲ್ಕಕ್ಕೆ ಸಭೆ. ನಾನೂ ಹೋಗಿದ್ದೆ. ಹೊಸ ವರದಿಯಲ್ಲಿ ನಮ್ಮ ಸಾಲು ನೆತ್ತಿಯಲ್ಲಿರಲಿಲ್ಲ, ತಳದಲ್ಲೂ ಇರಲಿಲ್ಲ. ಮುಖ್ಯಸ್ಥರು ಆದದ್ದನ್ನು ಆದಂತೆಯೇ ಹೇಳಿದರು. ಹಳೆಯದೆಲ್ಲವನ್ನೂ ಹಾಗೇ ಕಳಿಸಿದ್ದರೆ ಸಂಖ್ಯೆ ಇನ್ನೂ ದೊಡ್ಡದಿರುತ್ತಿತ್ತು, ಕಳಿಸಲಿಲ್ಲ ಎಂದೂ ಹೇಳಿದರು. ಜನರಲ್ ಮ್ಯಾನೇಜರ್, ಇಂಗ್ಲಿಷ್ ಅಂಕಿ ಹಾಕಲು ಏನು ಕಷ್ಟವಿತ್ತು ಎಂದು ಕೇಳಿದರು. ಕಷ್ಟ ಅವರದಲ್ಲ, ಸಂಖ್ಯೆಯ ಜಾಗದಲ್ಲಿ ಅಕ್ಷರ ಬಂದಾಗ ತಡೆಯದೆ ಸ್ವೀಕರಿಸಿದ್ದು ತಮ್ಮ ತಾಂತ್ರಿಕ ವಿಭಾಗದ ತಪ್ಪು ಎಂದು ಎಂಜಿನಿಯರ್ ಹಿಂದಿಯಲ್ಲಿ ಹೇಳಿದಳು. ಅವಳ ಹಿಂದಿ ಕನ್ನಡಕ್ಕಿಂತ ಚೆನ್ನಾಗಿತ್ತು, ಕೋಣೆ ಕೇಳಿಸಿಕೊಂಡಿತು.

ಜನರಲ್ ಮ್ಯಾನೇಜರ್ ಕಾಗದವನ್ನು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ನೋಡಿದರು. “ಠೀಕ್ ಹೈ. ಅಭೀ ಚಲ್ನೇ ದೀಜಿಯೇ. ಕನ್ನಡಾ ಡೆಸ್ಕ್ ಪರ್ ಫೈಸಲಾ ಜಲ್ದೀ ಬತಾಯೇಂಗೇ.”

ಸದ್ಯ ನಡೆಯಲಿ, ನಿರ್ಧಾರವನ್ನು ಶೀಘ್ರದಲ್ಲೇ ತಿಳಿಸುತ್ತೇವೆ. ಆ ದಿನ ಇದೇ ಧಾಟಿಯ ವಾಕ್ಯಗಳನ್ನು ನಾವು ಮಧ್ಯಾಹ್ನದಿಂದ ದೃಢಪಡಿಸಿಕೊಳ್ಳುತ್ತಿದ್ದೆವು. ಮುಖ್ಯಸ್ಥರ ಮುಖದಲ್ಲಿ ಬೆಳಗಿನಿಂದ ಕಾಣದಿದ್ದ ಬಣ್ಣ ಬಂತು. ಈ ಸಲ ಲಿಫ್ಟಿನಲ್ಲಿ ಹೋದೆವು. ಮೇಜಿನ ಮುಂದೆ ಕೂತು, ಮಧ್ಯಾಹ್ನ ಬಿಡಿಸಿಟ್ಟಿದ್ದ ಕಡಲೆಕಾಯಿಯನ್ನು ಬಾಯಿಗೆ ಹಾಕಿಕೊಂಡು ಕೇಳಿದರು:

“ಕನ್ನಡ ಡೆಸ್ಕ್ ಕುರಿತು ಶೀಘ್ರ ನಿರ್ಧಾರ. ಆಯುಷ್ಯ ಎಷ್ಟು ಹಾಕ್ತೀಯ?”

“ಸೊನ್ನೆ, ಸರ್.”

ನಾನು ಈಗಲೂ ಕನ್ನಡ ಡೆಸ್ಕ್‌ನಲ್ಲೇ ಇದ್ದೇನೆ. ಎದುರಿನ ಮೇಜಿನಲ್ಲಿ ಅವರೂ ಇದ್ದಾರೆ. ನಿರ್ಧಾರ ಇನ್ನೂ ಬಂದಿಲ್ಲ.