ಎಡಗಾಲಿನ ಹೆಬ್ಬೆರಳು

ನಮ್ಮ ವಾರ್ಡಿನ ಹಿರಿಯ ನರ್ಸ್ ದೊಡ್ಡಕ್ಕನಿಗೆ ಒಂದು ಚಾಳಿ. ಡ್ಯೂಟಿಗೆ ಬಂದವರು ಮೊದಲು ರೋಗಿಯ ಮುಖ ನೋಡುವುದಿಲ್ಲ. ಹೊದಿಕೆ ಸರಿಸಿ, ಕೈಯ ಹಿಂಬದಿಯಿಂದ ಎರಡೂ ಪಾದ ಮುಟ್ಟುತ್ತಾರೆ. ಇಪ್ಪತ್ತಾರು ವರ್ಷದಿಂದ ಹೀಗೇ. "ಅಕ್ಕ, ಎಲ್ಲರ ಕಾಲು ಹಿಡೀತಿದ್ದೀರಲ್ಲ, ಎಲೆಕ್ಷನ್‌ಗೆ ನಿಲ್ತೀರಾ?" ಎಂದು ನಾನು ರೇಗಿಸಿದರೆ, "ಸುಮ್ನೆ ಕೆಲಸ ನೋಡೇ, ಬಾಯಿಬಡುಕಿ" ಎನ್ನುತ್ತಾರೆ.

ಆ ತಿಂಗಳು ನಮಗೆ ಹೊಸ ಯಂತ್ರ ಬಂದಿತ್ತು. ಚುಚ್ಚಬೇಕಿಲ್ಲ, ಕೊಯ್ಯಬೇಕಿಲ್ಲ, ಕಾಲಿನ ಹೆಬ್ಬೆರಳಿಗೆ ಕ್ಲಿಪ್ ಸಿಕ್ಕಿಸಿದರೆ ಸಾಕು, ಅಲ್ಲಿ ರಕ್ತ ಎಷ್ಟು ಹರಿಯುತ್ತಿದೆ ಎಂದು ಪರದೆಯ ಮೇಲೆ ಅಂಕಿ ಮೂಡುತ್ತದೆ. ಅಂಕಿ ತೀರಾ ಇಳಿದರೆ ಗಂಡಾಂತರ. ನನಗಂತೂ ಆ ಯಂತ್ರದ ಮೇಲೆ ಜೀವ!

ಎಂಟನೇ ಮಂಚದಲ್ಲಿ ಒಬ್ಬರು ದರ್ಜಿ. ಎಡಗಾಲಿನ ರಕ್ತನಾಳ ಕಟ್ಟಿಕೊಂಡು, ಹಿಂದಿನ ದಿನವಷ್ಟೇ ಆಪರೇಷನ್ ಆಗಿತ್ತು. ಹೊಲಿಗೆ ಯಂತ್ರ ತುಳಿಯುವ ಕಾಲು; ಅದು ಹೋದರೆ ಅಂಗಡಿಯೂ ಹೋದಂತೆ. ಬ್ಯಾಂಡೇಜಿನ ನಡುವೆ ಕ್ಲಿಪ್ ನಿಲ್ಲದೆ ಜಾರಿ ಜಾರಿ, ಯಂತ್ರ ಕೀ ಕೀ ಎಂದು ಪ್ರಾಣ ತಿನ್ನುತ್ತಿತ್ತು. ಬೆಳಿಗ್ಗೆ ಏಳಕ್ಕೆ ತಲೆಕೆಟ್ಟು ಅದನ್ನು ಬಲಗಾಲಿಗೆ ಹಾಕಿ, ಆಮೇಲೆ ಸರಿಮಾಡಿದರಾಯಿತು ಎಂದು ಬೇರೆ ಮಂಚಕ್ಕೆ ಹೋದೆ. ಮರೆತೇಬಿಟ್ಟೆ, ಕತ್ತೆ!

ಎಂಟಕ್ಕೆ ದೊಡ್ಡಕ್ಕ ಬಂದರು. ಪರದೆಯಲ್ಲಿ ಮೂರೂವರೆ ಮಿನುಗುತ್ತಿತ್ತು, ಒಳ್ಳೆಯ ಅಂಕಿಯೇ. ಅವರು ಅತ್ತ ನೋಡಲೂ ಇಲ್ಲ. ಎಡ ಪಾದ ಮುಟ್ಟಿದವರೇ, "ಅಯ್ಯೋ, ತಣ್ಣಗಿದೆಯಲ್ಲೇ!" ಎಂದು ಕೂಗಿ, ಕ್ಲಿಪ್ ಕಿತ್ತು ಎಡ ಹೆಬ್ಬೆರಳಿಗೆ ಹಾಕಿ ಹಿಡಿದರು. ಸೊನ್ನೆ ಪಾಯಿಂಟ್ ಎರಡು.

"ನಿಂತ್ಕೊಂಡು ಏನ್ ನೋಡ್ತೀಯ? ಡಾಕ್ಟ್ರನ್ನ ಕರಿ, ಓಡು!"

ಓಡಿದೆ. ಒಂದು ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಅರ್ಧ ಗಂಟೆಯೊಳಗೆ ದರ್ಜಿ ಮತ್ತೆ ಆಪರೇಷನ್ ಕೋಣೆಯಲ್ಲಿದ್ದರು. ನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತ ತೆಗೆದರು. ಮಧ್ಯಾಹ್ನ ವಾರ್ಡಿಗೆ ತಂದಾಗ ನಾನೇ ಎಡ ಹೆಬ್ಬೆರಳಿಗೆ ಕ್ಲಿಪ್ ಹಾಕಿ, ಜಾರದಂತೆ ಅಂಟುಪಟ್ಟಿ ಹಚ್ಚಿದೆ. ಸೊನ್ನೆ ಪಾಯಿಂಟ್ ಒಂಬತ್ತು... ಒಂದೂವರೆ... ಎರಡು! "ಅಕ್ಕಾ, ಏರ್ತಿದೆ, ಏರ್ತಿದೆ!" ಎಂದು ವಾರ್ಡೆಲ್ಲ ಕೇಳುವಂತೆ ಕಿರುಚಿದೆ. ದೊಡ್ಡಕ್ಕ ಮಾತ್ರ ಪಾದ ಮುಟ್ಟಿ ನೋಡಿದ ಮೇಲೆಯೇ ನಕ್ಕರು.

ದರ್ಜಿಯ ಹೆಂಡತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ನೀನು ಓಡಿದ್ದು ನೋಡ್ದೆ ಕಣಮ್ಮ. ನಮ್ಮ ಯಜಮಾನ್ರ ಕಾಲು ಉಳಿಸ್ದೆ."

ದೊಡ್ಡಕ್ಕ ನನ್ನನ್ನೇ ನೋಡುತ್ತಿದ್ದರು. ಖುಷಿಗೋ ನಾಚಿಕೆಗೋ, ಅಳು ಒತ್ತರಿಸಿ ಬಂತು.

"ಉಳಿಸಿದ್ದು ಅಕ್ಕ," ಎಂದೆ. "ಬೆಳಿಗ್ಗೆ ಕ್ಲಿಪ್ಪನ್ನ ಬೇರೆ ಕಾಲಿಗೆ ಹಾಕಿದ್ದು ನಾನು."