ಕಾಶೀಂಬಿ ಮತ್ತು ನನ್ನ ಅಂಟಿನುಂಡಿ

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲು ಕರೆ ಹೋಗುವುದು ಕಾಶೀಂಬಿಗೆ. ಬಾಣಂತಿಗೆ ಅಂಟಿನುಂಡಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ ಎನ್ನುತ್ತಾರೆ. ಎನ್ನಲಿ. ಅವಳ ಗೋಡೆಗೆ ಗೋಡೆ ಹಚ್ಚಿ ನಾನೂ ಬಾಳೆಲ್ಲ ಕಳೆದಿದ್ದೇನೆ. ಉಂಡಿ ಕಟ್ಟಲು ಬಾ ಎಂದು ಬಾಣಂತಿಯ ಮನೆಯವರು ಒಬ್ಬರೂ ನನ್ನನ್ನು ಕರೆದಿಲ್ಲ.

ಅವಳ ಗಂಡ ಅಕ್ಬರಸಾಬ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಮದುವೆಯಾಗಿ ಬಂದವಳೇ ಕಾಶೀಂಬಿ ತಿದಿ ಒತ್ತಲು ಕೂತಳು. ರಾಜೂರ, ಜಕ್ಕಲಿ, ಮೆಣಸಗಿ ಎಂದು ಗಂಡನ ಸೈಕಲ್ಲಿನ ಹಿಂದೆ ಕೂತು ಊರೂರು ತಿರುಗಿದಳು. ನಾನೋ, ಗಂಡನ ಜೊತೆ ಒಂದೇ ಸಲ ಬನಶಂಕರಿಗೆ ಹೋದದ್ದನ್ನು ವರ್ಷಗಟ್ಟಲೆ ಹೇಳಿಕೊಂಡವಳು. ಆಗಿನಿಂದಲೇ ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ಬೆಂಕಿಯ ಗುಣವನ್ನು ಅವಳು ಕಲಿತದ್ದು ಆ ಕಲಾಯಿಯ ಕುಲುಮೆಯ ಮುಂದೆ. ತವರ ಕರಗಿದರೆ ನೀರಿನ ಹಾಗೆ ಸದ್ದು ಮಾಡುವುದಿಲ್ಲ, ಗುಳ್ಳೆ ಏಳುವುದಿಲ್ಲ, ಸುಮ್ಮನೆ ಕನ್ನಡಿಯಂತೆ ಹೊಳೆಯುತ್ತದೆಯಂತೆ. ತಣ್ಣಗಿದೆ ಎಂದು ಮೋಸಹೋದವರ ಬೆರಳು ಹೋಗುತ್ತದೆ. ಅವಳ ಎಡಗೈಯ ಮೇಲಿನ ಕಲೆ ಅದರದೇ. ಸ್ಟೀಲು ಬಂದು ಕಲಾಯಿ ನಿಂತಿತು, ಅಕ್ಬರಸಾಬನೂ ತೀರಿಕೊಂಡ. ಇವಳು ಬೆಂಕಿಯನ್ನು ಬಿಡಲಿಲ್ಲ. ತವರ ಬಿಟ್ಟು ಬೆಲ್ಲದ ಪಾಕಕ್ಕೆ ಬಂದಳು.

ಹೋದ ದೀಪಾವಳಿಗೆ ಮುಂಚೆ ನನ್ನ ಮೊಮ್ಮಗಳು ನೇತ್ರಾ ಹಡೆದಳು. ಚಿಕ್ಕವಳಿದ್ದಾಗ ನನ್ನ ಮಡಿಲಿಗಿಂತ ಕಾಶೀಂಬಿಯ ಕಟ್ಟೆಯ ಮೇಲೇ ಹೆಚ್ಚು ಬೆಳೆದ ಹುಡುಗಿ. ಕೂಸನ್ನು ಎತ್ತಿಕೊಂಡು ದವಾಖಾನೆಯಿಂದ ಬಂದವಳು ಹೊಸ್ತಿಲು ದಾಟುವ ಮೊದಲೇ, ಕಾಶೀಂಬಿ ಆಯಿ ಎಲ್ಲಿ ಎಂದು ಕೇಳಿದಳು. ನನಗೆ ಕಾದ ಹಂಚಿನ ಮೇಲೆ ಕೂತಂತಾಯಿತು. ಕಾಶೀಂಬಿ ರೋಣಕ್ಕೆ, ಮಗಳು ಕೌಸರಳ ಮನೆಗೆ ಹೋಗಿದ್ದಳು. ಅವಳು ತಿರುಗಿ ಬರುವುದರೊಳಗೆ ನನ್ನ ಮೊಮ್ಮಗಳ ಬಾಯಿಗೆ ನನ್ನ ಉಂಡಿಯೇ ಬೀಳಬೇಕೆಂದು ಒಲೆ ಹೊತ್ತಿಸಿದೆ.

ತುಪ್ಪದಲ್ಲಿ ಅಂಟಿನ ಹರಳು ಮಲ್ಲಿಗೆಯಂತೆ ಅರಳಿತು. ಕೊಬ್ಬರಿ, ಉತ್ತತ್ತಿ, ಗಸಗಸೆ ಹುರಿದಿಟ್ಟೆ. ಬೆಲ್ಲಕ್ಕೆ ನೀರು ಹಾಕಿ ಒಲೆಗೇರಿಸಿದೆ, ಕುದಿಯೂ ಬಂತು. ಬಾಣಂತಿಗೆ ಎರೆಯುವ ನೀರು ಎಷ್ಟು ಹೊತ್ತು ಕುದಿದರೂ ನೀರೇ ತಾನೆ, ಇದೂ ಹಾಗೆಯೇ ಎಂದುಕೊಂಡೆ. ಬಾಗಿಲಿಗೆ ಹೋಗಿ ಎದುರುಮನೆಯ ಅಡಿವೆವ್ವನಿಗೆ, ಈ ಸಲ ಉಂಡಿ ನನ್ನವೇ ಎಂದು ಹೇಳಿದೆ. ಒಂದು ಮಾತಿನಲ್ಲಿ ಮುಗಿಯಬೇಕಿತ್ತು. ಎಷ್ಟು ಹೇಳಿದರೂ ನನಗೇ ತೃಪ್ತಿಯಾಗಲಿಲ್ಲ. ಒಳಗೆ ಬಂದರೆ ಪಾಕ ಕೆಂಪಗೆ ಏರಿಬಿಟ್ಟಿತ್ತು. ಅಂಗೈ ಸುಟ್ಟುಕೊಂಡು ಕಟ್ಟಿದೆ.

ನೇತ್ರಾ ಉಂಡಿಯನ್ನು ಆ ದವಡೆಗೊಮ್ಮೆ, ಈ ದವಡೆಗೊಮ್ಮೆ ಒತ್ತಿ ನೋಡಿದಳು. ಆಮೇಲೆ ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಅದೇ ಸಂಜೆ ಕಾಶೀಂಬಿ ಬಂದಳು. ಅಡಿಗೆಮನೆಗೆ ಹೋಗಿ ಒಂದು ಉಂಡಿ ತೆಗೆದು ಒಳಕಲ್ಲಿಗೆ ಬಡಿದಳು. ಟಣ್ ಎಂದಿತು.

"ಪಾಕ ಒಲಿ ಮ್ಯಾಲ ಬಿಟ್ಟು ಎಲ್ಲಿ ಹೋಗಿದ್ದಿ ಫಕೀರಕ್ಕ?"

"ಎಲ್ಲೂ ಹೋಗಿಲ್ಲ. ಬೆಲ್ಲನ ಸರಿ ಇರಲಿಲ್ಲ."

"ಬೆಲ್ಲ ಏನ್ ಮಾಡತೈತಿ? ನೀರು ಕುದಿಯಾಕ ಹತ್ತಿದ ಮ್ಯಾಲ ಎಷ್ಟ್ ಕಟಗಿ ತುರುಕಿದ್ರೂ ಅದರ ಬಿಸಿ ಏರೂದಿಲ್ಲ. ಪಾಕ ಹಂಗಲ್ಲ. ಅದರಾಗಿನ ನೀರು ಹಾರಿದಂಗ ಬಿಸಿ ಏರಕೋತ ಹೋಗತೈತಿ. ಅದರ ಮುಂದಿಂದ ಏಳಬಾರದು."

ಅವಳು ನಕ್ಕರೆ ಬೈಯಬೇಕೆಂದು ಕಾದೆ. ನಗಲಿಲ್ಲ. ಉಂಡಿಗಳನ್ನು ಕುಟ್ಟಿ ಪುಡಿ ಮಾಡಿದಳು, ಹಾಲು ಕಾಯಿಸಿದಳು. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುತ್ತದೆ ಎಂದು ಕೆಳಗಿಳಿಸಿ, ಬೆರಳು ತಾಳುವಷ್ಟು ಆರಿಸಿ, ಆಮೇಲೆ ಪುಡಿ ಕದಡಿದಳು. ಬಾಣಂತಿಯ ಕೋಣೆಯಲ್ಲಿದ್ದ ನೇತ್ರಾ ಬಟ್ಟಲನ್ನು ಒಂದೇ ಗುಟುಕಿಗೆ ಬರಿದು ಮಾಡಿದಳು.

"ಕಾಶೀಂಬಿ ಆಯಿ, ದಿನಾ ಇದನ್ನ ಮಾಡಿ ಕೊಡ."

"ನಿಮ್ಮ ಆಯಿ ಕಟ್ಟಿದ ಉಂಡಿನ ಇವು, ಅವ್ವಾ," ಎಂದಳು ಕಾಶೀಂಬಿ. ನನ್ನ ಸಮಾಧಾನಕ್ಕೆ ಹೇಳಿದ ಮಾತೆಂದು ನೇತ್ರಾ ನಕ್ಕುಬಿಟ್ಟಳು.

ಈಗ ಓಣಿಯ ಬಾಣಂತಿಯರಿಗೆಲ್ಲ ಕಾಶೀಂಬಿಯ ಉಂಡಿಯ ಜೊತೆಗೆ ಕಾಶೀಂಬಿಯ ಹಾಲೂ ಬೇಕು. ಆ ಹಾಲಿಗೆ ಪಾಕ ಏರಿಸಿದ ಗಟ್ಟಿ ಉಂಡಿಯೇ ಆಗಬೇಕು. ನಿನ್ನಷ್ಟು ಗಟ್ಟಿ ಕಟ್ಟಲು ನನಗೆ ಬರುವುದಿಲ್ಲ ಅಕ್ಕ ಎಂದು ಗೋಡೆಯಾಚೆಯಿಂದ ಕರೆಯುತ್ತಾಳೆ. ಹೋಗಿ ಕಟ್ಟಿಕೊಟ್ಟು ಬರುತ್ತೇನೆ. ಹೆಸರು ಮಾತ್ರ ಅವಳದೇ.